ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಕೋಶಬೆಸುಗೆ: ಒಂದು ತಪ್ಪು ಊಹೆಯ ಆಚೆಗೆ

ದೊಡ್ಡಕರುಳಿನ ಒಳಪದರದ ಬಹುಪಾಲು ಕೋಶಗಳ ಆಯುಷ್ಯ ನಾಲ್ಕೈದು ದಿನ. ಇರುವಷ್ಟು ಕಾಲ ಅವು ಅಕ್ಕಪಕ್ಕದ ಕೋಶಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಈ ಹಿಡಿತದಲ್ಲಿ ದೊಡ್ಡ ಪಾಲು ಇ-ಕ್ಯಾಡ್ಹೆರಿನ್ ಪ್ರೋಟೀನಿನದು. ಕ್ಯಾಲ್ಸಿಯಂ ಇಲ್ಲದೆ ಅದರ ಬೆಸುಗೆ ನಿಲ್ಲದು. ಬೆಸುಗೆ ಬಿಟ್ಟರೆ ಕೋಶ ಅಲೆಯತೊಡಗುತ್ತದೆ, ಕ್ಯಾನ್ಸರ್ ಹರಡುತ್ತದೆ ಎಂಬ ಲೆಕ್ಕಾಚಾರ ಸರಳವಾಗಿತ್ತು. ಪ್ರಯೋಗಾಲಯ ಅದನ್ನು ಅಷ್ಟು ಸುಲಭವಾಗಿ ಒಪ್ಪಲಿಲ್ಲ.

1990ರಲ್ಲಿ ಅಮೆರಿಕದ ಎರಿಕ್ ಫಿಯರಾನ್, ಬರ್ಟ್ ವೋಗಲ್‌ಸ್ಟೈನ್ ಮತ್ತು ಸಂಗಡಿಗರು ಡಿಸಿಸಿ ಎಂಬ ಜೀನನ್ನು ವರದಿ ಮಾಡಿದರು. ಕರುಳಿನ ಗೆಡ್ಡೆಗಳಲ್ಲಿ ಪದೇ ಪದೇ ಕಳೆದುಹೋಗುವ 18ನೇ ವರ್ಣತಂತುವಿನ ತುಣುಕಿನಲ್ಲಿ ಅದು ಸಿಕ್ಕಿತ್ತು. ಅದರ ಪ್ರೋಟೀನಿನ ರಚನೆ ಕೋಶಗಳನ್ನು ಅಂಟಿಸುವ ಪ್ರೋಟೀನುಗಳನ್ನೇ ಹೋಲುತ್ತಿದ್ದುದರಿಂದ ಊಹೆಗೆ ಬಲ ಬಂತು. ಆದರೆ 1996ರಲ್ಲಿ ಡಿಸಿಸಿಯ ಕಸುಬು ಬೇರೆಯೆಂದು ತಿಳಿಯಿತು: ನೆಟ್ರಿನ್ ಎಂಬ ಸಂಕೇತವನ್ನು ಗ್ರಹಿಸಿ, ಬೆಳೆಯುವ ನರತಂತುವಿಗೆ ದಾರಿ ತೋರುವುದು. ಮರುವರ್ಷ ಡಿಸಿಸಿ ಕೆಡಿಸಿದ ಇಲಿಗಳಲ್ಲಿ ಕೆಟ್ಟದ್ದು ಮೆದುಳಿನ ಬೆಳವಣಿಗೆ. ಕರುಳಿನಲ್ಲಿ ನಿರೀಕ್ಷಿಸಿದ ಗೆಡ್ಡೆಗಳು ಏಳಲಿಲ್ಲ. ಅನುಮಾನ ನೆರೆಯ ಜೀನು ಎಸ್‌ಎಂಎಡಿ4ರತ್ತ ಹೊರಳಿತು. ಹೋಲಿಕೆ ಕಂಡೊಡನೆ ನೆಂಟಸ್ತಿಕೆ ಹೇಳಿದ್ದು ಅವಸರವಾಯಿತು.

ನಿಜವಾದ ಕೊಂಡಿ 5ನೇ ವರ್ಣತಂತುವಿನಲ್ಲಿತ್ತು. 1991ರಲ್ಲಿ ಗುರುತಾದ ಎಪಿಸಿ ಜೀನು ಈ ಕ್ಯಾನ್ಸರಿನ ಸುಮಾರು ಶೇ. 80ರಷ್ಟು ಗೆಡ್ಡೆಗಳಲ್ಲಿ ಕೆಟ್ಟಿರುತ್ತದೆ. ಅದರ ಪ್ರೋಟೀನು ಬೀಟಾ-ಕ್ಯಾಟೆನಿನ್‌ಗೆ ಅಂಟಿಕೊಳ್ಳುತ್ತದೆಂದು 1993ರಲ್ಲಿ ಕಂಡಾಗ ಸಂಶೋಧಕರ ಕಿವಿ ನೆಟ್ಟಗಾಯಿತು. ಏಕೆಂದರೆ ಬೀಟಾ-ಕ್ಯಾಟೆನಿನ್ ಆ ವೇಳೆಗಾಗಲೇ ಇ-ಕ್ಯಾಡ್ಹೆರಿನ್‌ನ ಒಳಗಡೆಯ ಜೊತೆಗಾರನೆಂದು ಪರಿಚಿತವಾಗಿತ್ತು.

ಕೋಶದ ಅಂಚಿನಲ್ಲಿ ಬೆಸುಗೆ ಹಿಡಿಯುವ ಈ ಪ್ರೋಟೀನು ಕೋಶಕೇಂದ್ರದಲ್ಲಿ ಜೀನುಗಳನ್ನು ಎಬ್ಬಿಸುವ ಕೆಲಸವನ್ನೂ ಮಾಡುತ್ತದೆ. ಹೆಚ್ಚುವರಿ ಬೀಟಾ-ಕ್ಯಾಟೆನಿನ್‌ಗೆ ಫಾಸ್ಫೇಟಿನ ಗುರುತು ಹಾಕಿಸಿ ನಾಶಕ್ಕೆ ಕಳಿಸುವ ತಂಡದಲ್ಲಿ ಎಪಿಸಿಯೂ ಒಂದು. ಎಪಿಸಿ ಕೆಟ್ಟರೆ ಬೀಟಾ-ಕ್ಯಾಟೆನಿನ್ ಶೇಖರವಾಗಿ ಕೇಂದ್ರಕ್ಕೆ ನುಗ್ಗುತ್ತದೆ. ಮಿಕ್‌ನಂಥ ಜೀನುಗಳು ಎದ್ದು ವಿಭಜನೆ ನಿಲ್ಲದಾಗುತ್ತದೆ. 1997ರಲ್ಲಿ ಇನ್ನೂ ಗಟ್ಟಿ ಸಾಕ್ಷ್ಯ ದೊರೆಯಿತು: ಎಪಿಸಿ ನೆಟ್ಟಗಿದ್ದ ಕೆಲವು ಗೆಡ್ಡೆಗಳಲ್ಲಿ ಬೀಟಾ-ಕ್ಯಾಟೆನಿನ್‌ನ ಜೀನೇ, ಆ ಗುರುತು ಬೀಳುವ ಜಾಗದಲ್ಲೇ, ಬದಲಾಗಿತ್ತು.

ಹಾಗಾದರೆ ಇ-ಕ್ಯಾಡ್ಹೆರಿನ್? ಅದರ ಜೀನಿನ ಆನುವಂಶಿಕ ದೋಷ ಹೊಟ್ಟೆಯ ಕ್ಯಾನ್ಸರನ್ನು ತರುತ್ತದೆಂದು 1998ರಲ್ಲಿ ನ್ಯೂಜಿಲೆಂಡಿನ ಮಾವೊರಿ ಕುಟುಂಬಗಳ ಅಧ್ಯಯನ ತೋರಿಸಿತು. ದೊಡ್ಡಕರುಳಿನಲ್ಲಿ ಆ ಜೀನು ರೂಪಾಂತರಗೊಳ್ಳುವುದು ಅಪರೂಪ. ಇಲ್ಲಿ ರೋಗದ ಮೊದಲ ಹೆಜ್ಜೆ ಸಾಮಾನ್ಯವಾಗಿ ಎಪಿಸಿಯದು. ಇ-ಕ್ಯಾಡ್ಹೆರಿನ್‌ನ ಪ್ರಮಾಣ ತಗ್ಗುವುದು ಬಹುಮಟ್ಟಿಗೆ ಗೆಡ್ಡೆ ಬಲಿತು ಸುತ್ತಲಿಗೆ ನುಗ್ಗುವ ಹಂತದಲ್ಲಿ.