ಮಿನಿಕ್ಯೂಬ್

ಮಿನಿಕ್ಯೂಬ್ ಎಂಬುದು ಕುಬರ್ನೆಟಿಸ್ ಕ್ಲಸ್ಟರ್ ಒಂದನ್ನು ಲ್ಯಾಪ್‌ಟಾಪ್ ಅಥವಾ ಮೇಜಿನ ಗಣಕಯಂತ್ರದಲ್ಲಿಯೇ ಸ್ಥಾಪಿಸಿ ನಡೆಸಲು ನೆರವಾಗುವ ಮುಕ್ತ ಆಕರ ತಂತ್ರಾಂಶ. ಇದನ್ನು ಗೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲಾಗಿದ್ದು, ಅಪಾಚೆ ಪರವಾನಗಿಯ 2.0 ಆವೃತ್ತಿಯಡಿ ವಿತರಿಸಲಾಗುತ್ತದೆ. ಲಿನಕ್ಸ್, ಮ್ಯಾಕ್‌ಓಎಸ್ ಮತ್ತು ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಇದು ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಹಲವು ಸರ್ವರ್‌ಗಳ ಮೇಲೆ ಹರಡಿಕೊಂಡಿರುವ ವ್ಯವಸ್ಥೆಯನ್ನು ಇದು ಒಂದೇ ಯಂತ್ರದೊಳಗೆ ಅಡಕಗೊಳಿಸುತ್ತದೆ. ಆದ್ದರಿಂದ ಕ್ಲೌಡ್ ಸೇವೆಗಳಿಗೆ ಬಾಡಿಗೆ ತೆರದೆ ಕುಬರ್ನೆಟಿಸ್ ಕಲಿಯಲು ಮತ್ತು ತಂತ್ರಾಂಶಗಳನ್ನು ಪರೀಕ್ಷಿಸಲು ಇದನ್ನು ಬಳಸಲಾಗುತ್ತದೆ. ಒಂದೇ ಯಂತ್ರವನ್ನು ಅವಲಂಬಿಸಿರುವ ಕಾರಣ, ಸಾರ್ವಜನಿಕ ಬಳಕೆಯ ಸೇವೆಗಳನ್ನು ನಡೆಸುವುದು ಇದರ ಉದ್ದೇಶವಲ್ಲ.

ಹಿನ್ನೆಲೆ

ಒಂದು ತಂತ್ರಾಂಶವನ್ನು, ಅದಕ್ಕೆ ಬೇಕಾದ ಲೈಬ್ರರಿಗಳು ಮತ್ತು ಸಂರಚನೆಗಳೊಂದಿಗೆ ಒಂದೇ ಕಟ್ಟಾಗಿ ಮಾಡಿ, ಉಳಿದ ತಂತ್ರಾಂಶಗಳಿಂದ ಪ್ರತ್ಯೇಕವಾಗಿ ನಡೆಸುವ ವಿಧಾನಕ್ಕೆ ಕಂಟೇನರ್ ಎಂದು ಹೆಸರು. ಕಂಟೇನರ್‌ಗೆ ಆಧಾರವಾದ ಕಟ್ಟನ್ನು ಇಮೇಜ್ ಎನ್ನುತ್ತಾರೆ. 2013ರಲ್ಲಿ ಡಾಕರ್ ಬಿಡುಗಡೆಯಾದ ಬಳಿಕ ಈ ವಿಧಾನ ವ್ಯಾಪಕವಾಗಿ ಬಳಕೆಗೆ ಬಂದಿತು. ಒಂದೆರಡು ಕಂಟೇನರ್‌ಗಳನ್ನು ಕೈಯಾರೆ ನಿರ್ವಹಿಸಬಹುದು. ಆದರೆ ಅವುಗಳ ಸಂಖ್ಯೆ ನೂರಾರು ಆದಾಗ ಯಾವುದನ್ನು ಯಾವ ಸರ್ವರ್‌ನಲ್ಲಿ ನಡೆಸಬೇಕು, ನಿಂತುಹೋದುದನ್ನು ಹೇಗೆ ಮರಳಿ ಆರಂಭಿಸಬೇಕು, ಹೊಸ ಆವೃತ್ತಿಯನ್ನು ಸೇವೆಗೆ ಅಡ್ಡಿಯಾಗದಂತೆ ಹೇಗೆ ತರಬೇಕು ಎಂಬ ಪ್ರಶ್ನೆಗಳು ಏಳುತ್ತವೆ. ಈ ಕೆಲಸಗಳನ್ನು ಸ್ವಯಂಚಾಲಿತವಾಗಿ ನಿರ್ವಹಿಸುವ ವ್ಯವಸ್ಥೆಗಳಲ್ಲಿ ಕುಬರ್ನೆಟಿಸ್ ಪ್ರಮುಖವಾದುದು.

ಗೂಗಲ್ ಸಂಸ್ಥೆಯು ತನ್ನ ಆಂತರಿಕ ವ್ಯವಸ್ಥೆಯಾದ ಬೋರ್ಗ್‌ನ ಅನುಭವದಿಂದ ಕುಬರ್ನೆಟಿಸ್ ಅನ್ನು ರೂಪಿಸಿ 2014ರಲ್ಲಿ ಪ್ರಕಟಿಸಿತು. ಇದರ 1.0 ಆವೃತ್ತಿಯು ಜುಲೈ 2015ರಲ್ಲಿ ಬಿಡುಗಡೆಯಾಯಿತು. ಈಗ ಯೋಜನೆಯು ಲಿನಕ್ಸ್ ಫೌಂಡೇಶನ್ನಿನ ಅಂಗವಾದ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ನಿನ ಆಶ್ರಯದಲ್ಲಿದೆ. ಗ್ರೀಕ್ ಭಾಷೆಯಲ್ಲಿ ಕುಬರ್ನೆಟಿಸ್ ಎಂದರೆ ಹಡಗಿನ ಚುಕ್ಕಾಣಿ ಹಿಡಿದವನು ಎಂದರ್ಥ.

ಇತಿಹಾಸ

ಕುಬರ್ನೆಟಿಸ್‌ನ ಆರಂಭದ ದಿನಗಳಲ್ಲಿ ಕ್ಲಸ್ಟರ್ ಒಂದನ್ನು ಸ್ಥಾಪಿಸುವುದೇ ಕಲಿಯುವವರಿಗೆ ದೊಡ್ಡ ತೊಡಕಾಗಿತ್ತು. ಇದನ್ನು ನಿವಾರಿಸಲು ಕುಬರ್ನೆಟಿಸ್ ಯೋಜನೆಯ ಭಾಗವಾಗಿಯೇ 2016ರಲ್ಲಿ ಮಿನಿಕ್ಯೂಬ್ ಬಿಡುಗಡೆಯಾಯಿತು. ಮೊದಲ ಆವೃತ್ತಿಗಳು ಒಂದು ವರ್ಚುವಲ್ ಯಂತ್ರವನ್ನು ಸೃಷ್ಟಿಸಿ, ಅದರೊಳಗೆ ಲೋಕಲ್‌ಕ್ಯೂಬ್ ಎಂಬ ಒಂದೇ ಪ್ರೋಗ್ರಾಮಿನ ರೂಪದಲ್ಲಿ ಕುಬರ್ನೆಟಿಸ್‌ನ ಎಲ್ಲ ಘಟಕಗಳನ್ನೂ ನಡೆಸುತ್ತಿದ್ದವು. ಮುಂದೆ ಲೋಕಲ್‌ಕ್ಯೂಬ್‌ನ ಸ್ಥಾನಕ್ಕೆ ಕ್ಯೂಬ್‌ಅಡ್ಮಿನ್ ಬಂದಿತು. ಇದು ನೈಜ ಸರ್ವರ್‌ಗಳ ಮೇಲೆ ಕ್ಲಸ್ಟರ್ ಸ್ಥಾಪಿಸಲು ಬಳಸುವ ಸಾಧನವೇ ಆದ್ದರಿಂದ, ಲ್ಯಾಪ್‌ಟಾಪಿನ ಕ್ಲಸ್ಟರ್ ಮತ್ತು ನೈಜ ಕ್ಲಸ್ಟರ್‌ಗಳ ನಡುವಿನ ಅಂತರ ಕಡಿಮೆಯಾಯಿತು. ಮಿನಿಕ್ಯೂಬ್‌ನ 1.0 ಆವೃತ್ತಿ ಮಾರ್ಚ್ 2019ರಲ್ಲಿ ಬಿಡುಗಡೆಯಾಯಿತು. ನಂತರದ ಆವೃತ್ತಿಗಳಲ್ಲಿ ವರ್ಚುವಲ್ ಯಂತ್ರದ ಬದಲು ಡಾಕರ್ ಕಂಟೇನರ್ ಒಂದನ್ನೇ ನೋಡ್ ಆಗಿ ಬಳಸುವ ಸೌಲಭ್ಯವೂ ಸೇರಿತು.

ರಚನೆ

ಕ್ಲಸ್ಟರ್‌ನಲ್ಲಿ ಸೇರಿರುವ ಪ್ರತಿಯೊಂದು ಯಂತ್ರವನ್ನು ನೋಡ್ ಎನ್ನುತ್ತಾರೆ. ಕುಬರ್ನೆಟಿಸ್‌ನ ಅತಿ ಚಿಕ್ಕ ನಿಯೋಜನಾ ಘಟಕ ಪಾಡ್. ಒಂದು ಪಾಡ್‌ನಲ್ಲಿ ಒಂದು ಅಥವಾ ಹೆಚ್ಚು ಕಂಟೇನರ್‌ಗಳಿರುತ್ತವೆ. ದೊಡ್ಡ ಕ್ಲಸ್ಟರ್‌ಗಳಲ್ಲಿ ನಿಯಂತ್ರಣದ ಘಟಕಗಳು ಮತ್ತು ಬಳಕೆದಾರರ ಪಾಡ್‌ಗಳು ಸಾಮಾನ್ಯವಾಗಿ ಬೇರೆಬೇರೆ ನೋಡ್‌ಗಳಲ್ಲಿರುತ್ತವೆ. ಮಿನಿಕ್ಯೂಬ್‌ನಲ್ಲಿ ಪೂರ್ವನಿಯೋಜಿತವಾಗಿ ಇವೆಲ್ಲವೂ ಒಂದೇ ನೋಡ್‌ನಲ್ಲಿ ನಡೆಯುತ್ತವೆ. ಮುಖ್ಯ ಘಟಕಗಳು ಇವು:

• ಎಪಿಐ ಸರ್ವರ್: ಬಳಕೆದಾರರ ಮತ್ತು ಇತರ ಘಟಕಗಳ ಕೋರಿಕೆಗಳನ್ನು ಸ್ವೀಕರಿಸುತ್ತದೆ.
• ಇಟಿಸಿಡಿ: ಕ್ಲಸ್ಟರ್‌ನ ಸ್ಥಿತಿಯನ್ನು ದಾಖಲಿಸಿಡುವ ದತ್ತಸಂಗ್ರಹ.
• ಶೆಡ್ಯೂಲರ್: ಹೊಸ ಪಾಡ್ ಯಾವ ನೋಡ್‌ನಲ್ಲಿ ನಡೆಯಬೇಕೆಂದು ನಿರ್ಧರಿಸುತ್ತದೆ.
• ಕಂಟ್ರೋಲರ್ ಮ್ಯಾನೇಜರ್: ಬಳಕೆದಾರರು ಬಯಸಿದ ಸ್ಥಿತಿ ಮತ್ತು ವಾಸ್ತವ ಸ್ಥಿತಿಗಳನ್ನು ಸತತವಾಗಿ ಹೋಲಿಸಿ ವ್ಯತ್ಯಾಸವನ್ನು ಸರಿಪಡಿಸುತ್ತದೆ.
• ಕ್ಯೂಬ್‌ಲೆಟ್: ನೋಡ್‌ನಲ್ಲಿದ್ದು ಪಾಡ್‌ಗಳನ್ನು ಆರಂಭಿಸಿ ಅವುಗಳ ಮೇಲೆ ನಿಗಾ ಇಡುತ್ತದೆ.

ಈ ಘಟಕಗಳು ನೈಜ ಕ್ಲಸ್ಟರ್‌ಗಳಲ್ಲಿರುವವುಗಳೇ ಹೊರತು ಅನುಕರಣೆಗಳಲ್ಲ. ಆದ್ದರಿಂದ ಮಿನಿಕ್ಯೂಬ್‌ಗಾಗಿ ಬರೆದ ಯಾಮಲ್ ಕಡತಗಳು ಸಾಮಾನ್ಯವಾಗಿ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ದೊಡ್ಡ ಕ್ಲಸ್ಟರ್‌ಗಳಲ್ಲಿಯೂ ಬಳಕೆಯಾಗುತ್ತವೆ.

ಅಗತ್ಯತೆಗಳು

ಮಿನಿಕ್ಯೂಬ್‌ಗೆ ಕನಿಷ್ಠ 2 ಪ್ರೊಸೆಸರ್ ಕೋರ್‌ಗಳು, 2 ಗಿಗಾಬೈಟ್ ಖಾಲಿ ಮೆಮೊರಿ, 20 ಗಿಗಾಬೈಟ್ ಖಾಲಿ ಡಿಸ್ಕ್ ಸ್ಥಳ ಮತ್ತು ಅಂತರಜಾಲ ಸಂಪರ್ಕ ಬೇಕು. ಇಲ್ಲಿ ಹೇಳಿದ ಮೆಮೊರಿಯು ಲ್ಯಾಪ್‌ಟಾಪಿನ ಒಟ್ಟು ಮೆಮೊರಿಯಲ್ಲ. ಕಾರ್ಯಾಚರಣ ವ್ಯವಸ್ಥೆ, ಬ್ರೌಸರ್ ಮೊದಲಾದವು ಬಳಸಿ ಉಳಿದದ್ದು. ಇದರ ಜೊತೆಗೆ ಕಂಟೇನರ್ ಅಥವಾ ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶವೊಂದು ಮೊದಲೇ ಸ್ಥಾಪಿತವಾಗಿರಬೇಕು. ಮಿನಿಕ್ಯೂಬ್‌ನಲ್ಲಿ ಇದನ್ನು ಡ್ರೈವರ್ ಎಂದು ಕರೆಯುತ್ತಾರೆ. ಡಾಕರ್, ಪಾಡ್‌ಮ್ಯಾನ್, ವರ್ಚುವಲ್‌ಬಾಕ್ಸ್, ಕ್ಯೂಎಂಯು, ಲಿನಕ್ಸ್‌ನ ಕೆವಿಎಂ ಮತ್ತು ವಿಂಡೋಸ್‌ನ ಹೈಪರ್-ವಿ ಇವು ಬಳಕೆಯಲ್ಲಿರುವ ಕೆಲವು ಡ್ರೈವರ್‌ಗಳು. ವರ್ಚುವಲ್ ಯಂತ್ರವನ್ನು ಬಳಸುವುದಾದರೆ ಪ್ರೊಸೆಸರ್‌ನ ವರ್ಚುವಲೀಕರಣ ಸೌಲಭ್ಯವನ್ನು ಬಯೋಸ್‌ನಲ್ಲಿ ಸಕ್ರಿಯಗೊಳಿಸಬೇಕಾಗಬಹುದು.

ಸ್ಥಾಪನೆ ಮತ್ತು ಆರಂಭ

ಮಿನಿಕ್ಯೂಬ್ ಅನ್ನು ಮ್ಯಾಕ್‌ಓಎಸ್‌ನಲ್ಲಿ ಹೋಮ್‌ಬ್ರೂ ಮೂಲಕ, ವಿಂಡೋಸ್‌ನಲ್ಲಿ ವಿನ್‌ಗೆಟ್ ಅಥವಾ ಚಾಕಲೇಟಿ ಮೂಲಕ, ಲಿನಕ್ಸ್‌ನಲ್ಲಿ ಪ್ರೋಗ್ರಾಮ್ ಕಡತವನ್ನು ನೇರವಾಗಿ ಇಳಿಸಿಕೊಂಡು ಸ್ಥಾಪಿಸಬಹುದು. ಕ್ಲಸ್ಟರ್‌ಗೆ ಆದೇಶ ನೀಡುವ ಕ್ಯೂಬ್‌ಕಂಟ್ರೋಲ್ ಎಂಬ ಸಾಧನವನ್ನೂ ಜೊತೆಗೆ ಸ್ಥಾಪಿಸಿಕೊಳ್ಳುವುದು ವಾಡಿಕೆ. ಮುಂದೆ ಉದ್ಧರಣ ಚಿಹ್ನೆಯೊಳಗೆ ನೀಡಿರುವ ಮಿನಿಕ್ಯೂಬ್ ಆದೇಶಗಳನ್ನು ಟರ್ಮಿನಲ್‌ನಲ್ಲಿ ರೋಮನ್ ಲಿಪಿಯ ಚಿಕ್ಕ ಅಕ್ಷರಗಳಲ್ಲಿ ಬರೆಯಬೇಕು.

‘ಮಿನಿಕ್ಯೂಬ್ ಸ್ಟಾರ್ಟ್’ ಎಂಬ ಆದೇಶದಿಂದ ಕ್ಲಸ್ಟರ್ ಆರಂಭವಾಗುತ್ತದೆ. ಬಳಕೆದಾರರು ಡ್ರೈವರ್ ಸೂಚಿಸದಿದ್ದರೆ ಮಿನಿಕ್ಯೂಬ್ ಲಭ್ಯವಿರುವವುಗಳಲ್ಲಿ ಸೂಕ್ತವಾದುದನ್ನು ತಾನೇ ಆರಿಸಿಕೊಳ್ಳುತ್ತದೆ. ಮೊದಲ ಬಾರಿ ನೋಡ್‌ನ ಇಮೇಜ್ ಮತ್ತು ಕುಬರ್ನೆಟಿಸ್‌ನ ಘಟಕಗಳು ಅಂತರಜಾಲದಿಂದ ಇಳಿಯಬೇಕಾದ ಕಾರಣ ಹೆಚ್ಚು ಸಮಯ ಹಿಡಿಯುತ್ತದೆ. ಅವು ಡಿಸ್ಕ್‌ನಲ್ಲಿ ಉಳಿದುಕೊಳ್ಳುವುದರಿಂದ ಮುಂದಿನ ಆರಂಭಗಳು ಬೇಗ ಮುಗಿಯುತ್ತವೆ. ಕ್ಲಸ್ಟರ್ ಸಿದ್ಧವಾಗಿದೆಯೇ ಎಂಬುದನ್ನು ‘ಮಿನಿಕ್ಯೂಬ್ ಸ್ಟೇಟಸ್’ ಆದೇಶ ತಿಳಿಸುತ್ತದೆ. ‘ಮಿನಿಕ್ಯೂಬ್ ಡ್ಯಾಶ್‌ಬೋರ್ಡ್’ ಆದೇಶವು ಅದರ ಸ್ಥಿತಿಯನ್ನು ಬ್ರೌಸರ್‌ನಲ್ಲಿ ತೋರಿಸುತ್ತದೆ.

ಕ್ಲಸ್ಟರ್ ಅನ್ನು ನಿಲ್ಲಿಸುವುದಕ್ಕೂ ಅಳಿಸುವುದಕ್ಕೂ ವ್ಯತ್ಯಾಸವಿದೆ. ‘ಮಿನಿಕ್ಯೂಬ್ ಸ್ಟಾಪ್’ ಆದೇಶ ನೀಡಿದಾಗ ಮೆಮೊರಿ ಮತ್ತು ಪ್ರೊಸೆಸರ್ ಬಿಡುಗಡೆಯಾಗುತ್ತವೆ, ಕ್ಲಸ್ಟರ್‌ನ ದಾಖಲೆಗಳು ಡಿಸ್ಕ್‌ನಲ್ಲಿ ಉಳಿಯುತ್ತವೆ. ‘ಮಿನಿಕ್ಯೂಬ್ ಡಿಲೀಟ್’ ಆದೇಶ ನೀಡಿದಾಗ ಕ್ಲಸ್ಟರ್‌ನೊಳಗೆ ಸಂಗ್ರಹಿಸಿದ್ದ ದತ್ತಾಂಶವೂ ಅದರೊಂದಿಗೆ ಅಳಿಯುತ್ತದೆ.

ಅಪ್ಲಿಕೇಶನ್ ನಿಯೋಜನೆ

ಕುಬರ್ನೆಟಿಸ್‌ನಲ್ಲಿ ಬಳಕೆದಾರರು ತಾವು ಬಯಸುವ ಸ್ಥಿತಿಯನ್ನು ಯಾಮಲ್ ಕಡತದಲ್ಲಿ ಬರೆದು ಎಪಿಐ ಸರ್ವರ್‌ಗೆ ಒಪ್ಪಿಸುತ್ತಾರೆ. ಉದಾಹರಣೆಗೆ, ಒಂದು ಜಾಲ ಸರ್ವರ್‌ನ 3 ಪ್ರತಿಗಳು ಸದಾ ನಡೆಯುತ್ತಿರಬೇಕು ಎಂದು ಡಿಪ್ಲಾಯ್‌ಮೆಂಟ್ ಎಂಬ ವಸ್ತುವಿನ ಮೂಲಕ ಘೋಷಿಸಬಹುದು. ಬಳಿಕ ಒಂದು ಪಾಡ್ ಅನ್ನು ಉದ್ದೇಶಪೂರ್ವಕವಾಗಿ ಅಳಿಸಿದರೆ, ಅದರ ಸ್ಥಾನದಲ್ಲಿ ಹೊಸ ಪಾಡ್ ತಾನಾಗಿ ಹುಟ್ಟಿಕೊಳ್ಳುತ್ತದೆ. ಕುಬರ್ನೆಟಿಸ್‌ನ ಮೂಲ ತತ್ತ್ವವನ್ನು ತೋರಿಸುವ ಈ ಪ್ರಯೋಗವನ್ನು ಮಿನಿಕ್ಯೂಬ್‌ನಲ್ಲಿ ಯಾವ ಅಪಾಯವೂ ಇಲ್ಲದೆ ಮಾಡಬಹುದು.

ಪಾಡ್‌ಗಳು ಅಳಿದು ಹುಟ್ಟುವಾಗ ಅವುಗಳ ವಿಳಾಸ ಬದಲಾಗುತ್ತದೆ. ಆದ್ದರಿಂದ ಅವುಗಳಿಗೆ ಸ್ಥಿರವಾದ ವಿಳಾಸ ಒದಗಿಸಲು ಸರ್ವಿಸ್ ಎಂಬ ವಸ್ತುವನ್ನು ಬಳಸುತ್ತಾರೆ. ನೋಡ್‌ಪೋರ್ಟ್ ಬಗೆಯ ಸರ್ವಿಸ್‌ಗೆ ಪೂರ್ವನಿಯೋಜಿತವಾಗಿ 30000ರಿಂದ 32767ರ ನಡುವಿನ ಪೋರ್ಟ್ ಸಂಖ್ಯೆ ದೊರೆಯುತ್ತದೆ. ಲೋಡ್‌ಬ್ಯಾಲೆನ್ಸರ್ ಬಗೆಯ ಸರ್ವಿಸ್‌ಗೆ ಹೊರಗಿನ ವಿಳಾಸವನ್ನು ಸಾಮಾನ್ಯವಾಗಿ ಕ್ಲೌಡ್ ಸಂಸ್ಥೆ ನೀಡುತ್ತದೆ. ಲ್ಯಾಪ್‌ಟಾಪಿನಲ್ಲಿ ಅಂಥ ವ್ಯವಸ್ಥೆ ಇರದ ಕಾರಣ, ‘ಮಿನಿಕ್ಯೂಬ್ ಟನಲ್’ ಆದೇಶವು ಚಾಲನೆಯಲ್ಲಿಲ್ಲದಿದ್ದರೆ ಆ ವಿಳಾಸವು ‘ಪೆಂಡಿಂಗ್’ ಎಂದೇ ಉಳಿಯುತ್ತದೆ.

ಸಾಮಾನ್ಯ ತೊಡಕುಗಳು

ಇಮೇಜ್ ದೊರೆಯದಿರುವುದು: ಲ್ಯಾಪ್‌ಟಾಪಿನ ಡಾಕರ್‌ನಲ್ಲಿ ತಯಾರಿಸಿದ ಇಮೇಜ್ ಕ್ಲಸ್ಟರ್‌ನೊಳಗೆ ಕಾಣುವುದಿಲ್ಲ. ನೋಡ್‌ಗೆ ತನ್ನದೇ ಆದ ಇಮೇಜ್ ಸಂಗ್ರಹವಿರುವುದೇ ಇದಕ್ಕೆ ಕಾರಣ. ಇಂಥ ಪಾಡ್‌ನ ಸ್ಥಿತಿಯು ‘ಇಮೇಜ್‌ಪುಲ್‌ಬ್ಯಾಕ್‌ಆಫ್’ ಎಂದು ತೋರುತ್ತದೆ. ‘ಮಿನಿಕ್ಯೂಬ್ ಇಮೇಜ್ ಲೋಡ್’ ಆದೇಶದ ಮುಂದೆ ಇಮೇಜಿನ ಹೆಸರು ಬರೆದು ಅದನ್ನು ನೋಡ್‌ಗೆ ಸಾಗಿಸಬಹುದು. ಇಮೇಜಿಗೆ ‘ಲೇಟೆಸ್ಟ್’ ಎಂಬ ಗುರುತುಪಟ್ಟಿ ಇದ್ದರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ ಕುಬರ್ನೆಟಿಸ್ ಪ್ರತಿ ಬಾರಿಯೂ ಹೊರಗಿನ ರಿಜಿಸ್ಟ್ರಿಯನ್ನೇ ವಿಚಾರಿಸುತ್ತದೆ. ಆದ್ದರಿಂದ ನಿರ್ದಿಷ್ಟ ಆವೃತ್ತಿ ಸಂಖ್ಯೆಯನ್ನು ಕೊಡುವುದು ಸೂಕ್ತ.

ಸಂಪನ್ಮೂಲದ ಕೊರತೆ: ಪಾಡ್ ಕೋರಿದಷ್ಟು ಮೆಮೊರಿ ಅಥವಾ ಪ್ರೊಸೆಸರ್ ನೋಡ್‌ನಲ್ಲಿ ಉಳಿದಿರದಿದ್ದರೆ ಪಾಡ್ ‘ಪೆಂಡಿಂಗ್’ ಸ್ಥಿತಿಯಲ್ಲಿ ನಿಲ್ಲುತ್ತದೆ. ಪಾಡ್ ವಿವರಿಸುವ ‘ಡಿಸ್ಕ್ರೈಬ್’ ಆದೇಶದ ಕೊನೆಯ ಭಾಗದಲ್ಲಿ ಇದರ ಕಾರಣ ದಾಖಲಾಗಿರುತ್ತದೆ.

ಪ್ರೊಸೆಸರ್ ವಿನ್ಯಾಸದ ವ್ಯತ್ಯಾಸ: ಆಪಲ್ ಸಿಲಿಕಾನ್‌ನಂಥ ಆರ್ಮ್ ಪ್ರೊಸೆಸರ್‌ನ ಲ್ಯಾಪ್‌ಟಾಪಿನಲ್ಲಿ ತಯಾರಾದ ಇಮೇಜ್, ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ನ ಸರ್ವರ್‌ಗಳಲ್ಲಿ ನಡೆಯದಿರಬಹುದು. ಎರಡೂ ವಿನ್ಯಾಸಗಳಿಗೆ ಇಮೇಜ್ ತಯಾರಿಸುವುದು ಇದಕ್ಕೆ ಪರಿಹಾರ.

ಕ್ಲಸ್ಟರ್‌ಗಳ ಅದಲುಬದಲು: ಕ್ಯೂಬ್‌ಕಂಟ್ರೋಲ್ ತಾನು ಸಂಪರ್ಕಿಸಬಲ್ಲ ಎಲ್ಲ ಕ್ಲಸ್ಟರ್‌ಗಳ ವಿವರವನ್ನೂ ಸಾಮಾನ್ಯವಾಗಿ ಒಂದೇ ಕಡತದಲ್ಲಿ ಇಟ್ಟುಕೊಂಡಿರುತ್ತದೆ. ಅವುಗಳಲ್ಲಿ ಸದ್ಯ ಆಯ್ಕೆಯಾಗಿರುವುದನ್ನು ಪ್ರಸ್ತುತ ಸಂದರ್ಭ ಎನ್ನುತ್ತಾರೆ. ಮಿನಿಕ್ಯೂಬ್ ಆರಂಭವಾದಾಗ ಪ್ರಸ್ತುತ ಸಂದರ್ಭವು ಅದರ ಕಡೆಗೆ ತಿರುಗುತ್ತದೆ. ಆದರೆ ಬಳಕೆದಾರರು ನಡುವೆ ಕಚೇರಿಯ ಕ್ಲಸ್ಟರ್‌ಗೆ ಬದಲಾಯಿಸಿ ಅದನ್ನು ಮರೆತರೆ, ಅಭ್ಯಾಸಕ್ಕೆಂದು ನೀಡಿದ ಅಳಿಸುವ ಆದೇಶವು ಜನರು ಬಳಸುತ್ತಿರುವ ಸೇವೆಯನ್ನೇ ಅಳಿಸಿಬಿಡಬಹುದು. ಎರಡೂ ಕಡೆ ಆದೇಶಗಳು ಒಂದೇ ಆಗಿರುವುದರಿಂದ ಸಾಧನವು ತಾನಾಗಿ ಎಚ್ಚರಿಸುವುದಿಲ್ಲ. ಅಳಿಸುವ ಮೊದಲು ಪ್ರಸ್ತುತ ಸಂದರ್ಭವನ್ನು ಪರಿಶೀಲಿಸುವುದು, ನೈಜ ಕ್ಲಸ್ಟರ್‌ಗೆ ಸೀಮಿತ ಅನುಮತಿಯ ಖಾತೆಯನ್ನು ಬಳಸುವುದು ರೂಢಿಯಲ್ಲಿರುವ ಮುನ್ನೆಚ್ಚರಿಕೆಗಳು.

ಮಿತಿಗಳು

ಪಾಡ್ ಒಂದು ನಿಂತುಹೋದರೆ ಏನಾಗುತ್ತದೆ ಎಂಬುದನ್ನು ಒಂದೇ ನೋಡ್‌ನ ಕ್ಲಸ್ಟರ್ ತೋರಿಸಬಲ್ಲದು; ನೋಡ್ ನಿಂತುಹೋದರೆ ಏನಾಗುತ್ತದೆ ಎಂಬುದನ್ನು ತೋರಿಸಲಾರದು. ನೋಡ್ ನಿಂತಾಗ ನಿಯಂತ್ರಣದ ಘಟಕಗಳೂ ಜೊತೆಗೆ ನಿಲ್ಲುವುದೇ ಇದಕ್ಕೆ ಕಾರಣ. ನೈಜ ಕ್ಲಸ್ಟರ್‌ಗಳಲ್ಲಿ ಇಟಿಸಿಡಿಯನ್ನು 3 ಅಥವಾ 5 ಯಂತ್ರಗಳಲ್ಲಿ ನಡೆಸುವುದು ವಾಡಿಕೆ. 3 ಯಂತ್ರಗಳಿದ್ದಾಗ ಒಂದು ಕೆಟ್ಟರೂ ಉಳಿದೆರಡರ ಬಹುಮತದಿಂದ ಕೆಲಸ ಮುಂದುವರಿಯುತ್ತದೆ. ಮಿನಿಕ್ಯೂಬ್‌ನಲ್ಲಿಯೂ ‘ನೋಡ್ಸ್’ ಎಂಬ ಆಯ್ಕೆಯಿಂದ ಹಲವು ನೋಡ್‌ಗಳನ್ನು ಸೃಷ್ಟಿಸಿ ಪಾಡ್‌ಗಳ ಸ್ಥಳಾಂತರವನ್ನು ಅಭ್ಯಾಸ ಮಾಡಬಹುದು. ಆದರೆ ಅವೆಲ್ಲವೂ ಒಂದೇ ಲ್ಯಾಪ್‌ಟಾಪಿನ ಮೆಮೊರಿ, ಡಿಸ್ಕ್ ಮತ್ತು ವಿದ್ಯುತ್ತನ್ನು ಹಂಚಿಕೊಳ್ಳುತ್ತವೆ.

ಜಾಲನೀತಿಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಪಾಡ್‌ಗಳ ನಡುವಿನ ಸಂಪರ್ಕವನ್ನು ನಿರ್ಬಂಧಿಸುವ ನೀತಿಯನ್ನು ಎಪಿಐ ಸರ್ವರ್ ಸ್ವೀಕರಿಸುತ್ತದೆ. ಆದರೆ ಅದನ್ನು ಜಾರಿಗೊಳಿಸಬಲ್ಲ ಕ್ಯಾಲಿಕೋದಂಥ ಜಾಲ ಪ್ಲಗಿನ್ ಇಲ್ಲದಿದ್ದರೆ ಯಾವ ಸಂಪರ್ಕವೂ ನಿರ್ಬಂಧಗೊಳ್ಳುವುದಿಲ್ಲ. ಹೀಗಾಗಿ ಒಂದು ಸಂರಚನೆಯು ಲ್ಯಾಪ್‌ಟಾಪಿನಲ್ಲಿ ದೋಷವಿಲ್ಲದೆ ಸ್ವೀಕೃತವಾಯಿತು ಎಂಬುದು ಅದು ಸುರಕ್ಷಿತ ಎಂಬುದಕ್ಕೆ ಪುರಾವೆಯಲ್ಲ. ಒಂದೇ ಬಾರಿಗೆ ಸಾವಿರಾರು ಬಳಕೆದಾರರು ಬಂದಾಗಿನ ವರ್ತನೆಯನ್ನೂ ಇಲ್ಲಿನ ಪರೀಕ್ಷೆಯಿಂದ ನಿರ್ಣಯಿಸಲಾಗದು.

ಪರ್ಯಾಯಗಳು

• ಕೈಂಡ್: ಡಾಕರ್ ಕಂಟೇನರ್‌ಗಳನ್ನೇ ನೋಡ್‌ಗಳಾಗಿ ಬಳಸುತ್ತದೆ. ಕುಬರ್ನೆಟಿಸ್ ಅನ್ನೇ ಪರೀಕ್ಷಿಸುವ ಉದ್ದೇಶದಿಂದ ರೂಪುಗೊಂಡಿತು.
• ಕೆ3ಎಸ್: ರಾಂಚರ್ ಲ್ಯಾಬ್ಸ್ 2019ರಲ್ಲಿ ಪ್ರಕಟಿಸಿದ ಹಗುರ ಕುಬರ್ನೆಟಿಸ್. ಕಡಿಮೆ ಮೆಮೊರಿಯ ಯಂತ್ರಗಳಿಗೆ ಸೂಕ್ತ. ಒಂದೇ ಸರ್ವರ್‌ನಲ್ಲಿ ನಡೆಯುವಾಗ ಪೂರ್ವನಿಯೋಜಿತವಾಗಿ ಇಟಿಸಿಡಿಯ ಬದಲು ಎಸ್‌ಕ್ಯೂಲೈಟ್ ಬಳಸುತ್ತದೆ.
• ಕೆ3ಡಿ: ಕೆ3ಎಸ್ ಅನ್ನು ಡಾಕರ್ ಕಂಟೇನರ್‌ಗಳೊಳಗೆ ನಡೆಸುವ ಸಾಧನ.
• ಮೈಕ್ರೋಕೆ8ಎಸ್: ಉಬುಂಟು ಪ್ರಕಾಶಕರಾದ ಕೆನಾನಿಕಲ್ ಸಂಸ್ಥೆಯದು. ಲಿನಕ್ಸ್‌ನಲ್ಲಿ ಸ್ನ್ಯಾಪ್ ರೂಪದಲ್ಲಿ ದೊರೆಯುತ್ತದೆ.
• ಡಾಕರ್ ಡೆಸ್ಕ್‌ಟಾಪ್: ಇದರ ಸಂಯೋಜನೆಗಳಲ್ಲಿಯೇ ಕುಬರ್ನೆಟಿಸ್ ಸಕ್ರಿಯಗೊಳಿಸುವ ಆಯ್ಕೆಯಿದೆ.

ಇವನ್ನೂ ನೋಡಿ

• ಕುಬರ್ನೆಟಿಸ್
• ಡಾಕರ್
• ವರ್ಚುವಲ್ ಯಂತ್ರ
• ಕ್ಲೌಡ್ ಕಂಪ್ಯೂಟಿಂಗ್