ಪಿಂಡಾಕಾಸ್ ಅಂದ್ರ ಏನು?

ಡಚ್ ಮಂದಿ ಶೇಂಗಾದ ಬೆಣ್ಣಿಗೆ ‘ಪಿಂಡಾಕಾಸ್’ ಅಂತಾರ. ಕೇಳಿದ ಕೂಡ್ಲೆ ನನಗ ಶ್ರಾದ್ಧದ ಪಿಂಡ ನೆನಪಾತು! ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಬಿಡ್ರಿ. ‘ಪಿಂಡಾ’ ಅಂದ್ರ ಶೇಂಗಾ, ‘ಕಾಸ್’ ಅಂದ್ರ ಚೀಸ್.

ಬೆಣ್ಣಿ ಅನ್ನೂ ಹೆಸರು ಹಾಲಿಂದ ತೆಗೆದದ್ದಕ್ಕಷ್ಟ ಅಂತ ಅವರ ಕಾಯ್ದೆ ಇತ್ತು. ಆದ್ರ ಶಬ್ದ ಅದಕ್ಕಿಂತ ಹಳೇದು. 18ನೇ ಶತಮಾನದಾಗ ಡಚ್ಚರ ವಸಾಹತು ಸುರಿನಾಮ್‌ನಾಗ ಶೇಂಗಾ ಅರದು, ಗಟ್ಟಿ ಮಾಡಿ, ಚೀಸ್‌ನಂಗ ಹೋಳು ಕೊಯ್ತಿದ್ರು. ‘ಪಿಂಡಾ’ ಆಫ್ರಿಕಾದ ಕಾಂಗೋ ಭಾಷೆಯ ‘ಎಂಪಿಂಡಾ’. ಗುಲಾಮರಾಗಿ ಹಡಗಿನಾಗ ಬಂದವರ ಮಾತು.

1863ಕ್ಕ ಗುಲಾಮಗಿರಿ ತೆಗೆದಾಗ ಮಾಲಕರಿಗೆ ಆಳಿಗೆ 300 ಗಿಲ್ಡರ್ ಪರಿಹಾರ ಸಿಕ್ತು. ದುಡಿದವರಿಗೆ ಏನೂ ಇಲ್ಲ. ಅವರ ಮಾತು ಮಾತ್ರ ಇವತ್ತಿಗೂ ಡಚ್ಚರ ಬ್ರೆಡ್ಡಿನ ಮ್ಯಾಲ ಅದ.