ಸ್ಪ್ರಿಂಗ್ ಸಡಿಲಾದ ಬಂದೂಕು: ಬಳ್ಳಾರಿ ಸೀಮೆಯಿಂದ ಒಂದು ಪುಟ್ಟ ಚರಿತ್ರೆ

ಬಳ್ಳಾರಿಯ ಕನಕದುರ್ಗಮ್ಮನ ಸಿಡಿಬಂಡಿಯಾಗಲಿ, ಕುರುಗೋಡಿನ ದೊಡ್ಡಬಸವೇಶ್ವರನ ತೇರಾಗಲಿ, ಜಾತ್ರೆ ಅಂದಮೇಲೆ ಬಲೂನಿಗೆ ಗುಂಡು ಹೊಡೆಯೋ ಅಂಗಡಿ ಇರಬೇಕು. ಗುರಿ ತಪ್ಪಿದವರು ಹೇಳೋ ಮಾತೂ ಒಂದೇ: "ನಳಿಗೆ ಸೊಟ್ಟ ಮಾಡಿಟ್ಟಾನಲೇ!" ನಳಿಗೆಯ ಮಾತು ಬಿಡಿ. ಆ ಬಂದೂಕಿನ ಒಳಗೆ ಸಾಮಾನ್ಯವಾಗಿ ದಣಿದಿರೋದು ಸ್ಪ್ರಿಂಗ್. ದಿನಕ್ಕೆ ನೂರಾರು ಸಲ ಮಡಚಿ ಬಿಚ್ಚಿದರೆ ಉಕ್ಕೂ ಸೋಲುತ್ತೆ. ಎರಡು ಮಾರು ದೂರದ ಬಲೂನಿಗೆ ಅಷ್ಟು ಬಲ ಸಾಕು ಅನ್ನಿ.

ಬಂದೂಕಿನ ಬಲ ಎಷ್ಟಿರಬೇಕು, ಅದನ್ನು ಯಾರು ಅಳೆಯಬೇಕು ಅನ್ನೋ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಆ ಸೀಮೆಯಲ್ಲಿ ಆಗ ಸುಮಾರು 80 ಪಾಳೆಯಗಾರರು, ಅವರ ಕೈಕೆಳಗೆ ಸುಮಾರು 30,000 ಆಯುಧಧಾರಿಗಳು. 1807ರಲ್ಲಿ ಮನ್ರೋ ಹೊರಡುವ ಹೊತ್ತಿಗೆ ಪಾಳೆಯಗಾರರ ಬಲ ಮುರಿದಿತ್ತು. ಬಂದೂಕು ಎಷ್ಟು ಜೋರಾಗಿ ಹಾರಿಸುತ್ತೆ ಅಂತ ಅಂದು ಯಾರೂ ಕೇಳಲಿಲ್ಲ. ಎಷ್ಟು ಜನ ಹಿಡಿದಿದ್ದಾರೆ ಅನ್ನೋದೇ ಲೆಕ್ಕ.

1878ರ ಶಸ್ತ್ರ ಕಾಯ್ದೆ ಬಂದಾಗ ಪ್ರಶ್ನೆ ಬದಲಾಯಿತು: ಹಿಡಿದಿರೋನು ಯಾರು? ಭಾರತೀಯರಿಗೆ ಲೈಸೆನ್ಸ್ ಬೇಕು, ಯೂರೋಪಿಯನ್ನರಿಗೆ ವಿನಾಯಿತಿ. ಕಾಂಗ್ರೆಸ್ಸು ಹುಟ್ಟಿದ ಮೊದಲ ವರ್ಷಗಳಲ್ಲೇ ಇದನ್ನು ವಿರೋಧಿಸಿತ್ತು.

ಅದೇ ಕಾಲಕ್ಕೆ ದೂರದ ದೇಶಗಳಲ್ಲಿ ಮದ್ದೇ ಬೇಡದ ಬಂದೂಕು ಬೆಳೆಯುತ್ತಿತ್ತು. ಅಮೆರಿಕದಲ್ಲಿ ಗಾಳಿಯಂತ್ರ ಮಾಡುತ್ತಿದ್ದ ಕಂಪನಿಯೊಂದು 1880ರ ದಶಕದ ಕೊನೆಗೆ ಡೈಸಿ ಎಂಬ ಮಕ್ಕಳ ಏರ್‌ಗನ್ ಮಾಡಿತು. ಜರ್ಮನಿಯಲ್ಲಿ ಡಯಾನಾ, 1905ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬಿಎಸ್ಎ. ಒಳಗಿನ ಉಪಾಯ ಸರಳ. ಸ್ಪ್ರಿಂಗ್ ಪಿಸ್ಟನ್ನನ್ನು ತಳ್ಳುತ್ತೆ, ಪಿಸ್ಟನ್ ಗಾಳಿಯನ್ನು ಹಿಂಡುತ್ತೆ, ಗಾಳಿ ಗುಂಡನ್ನು ದೂಡುತ್ತೆ. ಪ್ಲಾಸ್ಟಿಕ್ ಗುಂಡಿನ ಏರ್‌ಸಾಫ್ಟ್‌ನಲ್ಲೂ ಹೆಚ್ಚಿನವುಗಳ ಹೃದಯ ಇದೇ ಸ್ಪ್ರಿಂಗ್.

ಸ್ವತಂತ್ರ ಭಾರತದಲ್ಲಿ 1959ರ ಶಸ್ತ್ರ ಕಾಯ್ದೆ, 1962ರ ನಿಯಮಗಳು ಬಂದವು. ಏರ್‌ಗನ್‌ಗೆ ವಿನಾಯಿತಿ ಬೇಕಾದರೆ ನಳಿಗೆಯ ಒಳಅಳತೆ 0.177 ಅಂಗುಲ (4.5 ಮಿ.ಮೀ.) ಮೀರಬಾರದು, ಗುರಿಯ ಹಲಗೆಯನ್ನು ಗುಂಡು ತೂರಬಾರದು. ಬಲವನ್ನೇ ನೇರವಾಗಿ ಅಳೆದಿದ್ದು 2016ರ ಶಸ್ತ್ರ ನಿಯಮಗಳು: 20 ಜೂಲ್ ಮೀರಿದರೆ ಲೈಸೆನ್ಸ್. ನೋಡಿ, ಜನರ ಎಣಿಕೆಯಿಂದ ಹೊರಟ ಸರ್ಕಾರ ಇನ್ನೂರು ವರ್ಷ ನಡೆದು ಸ್ಪ್ರಿಂಗಿನ ಹತ್ತಿರ ಬಂದು ನಿಂತಿತು!

20 ಜೂಲ್ ಅಂದರೆ ಎಷ್ಟು? ಅರ್ಧ ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ ಸುಮಾರು 283 ಮೀಟರ್ ಹೋದರೆ ಅಷ್ಟು. ವೇಗ ಅರ್ಧವಾದರೆ ಬಲ ಅರ್ಧ ಅಲ್ಲ, ಕಾಲುಭಾಗ, ಅಂದರೆ 5 ಜೂಲ್. ಹಾಗಾಗಿ ಸ್ಪ್ರಿಂಗಿನಲ್ಲಿ ಸ್ವಲ್ಪ ಬದಲಾದರೂ ಬಲದಲ್ಲಿ ಬಹಳ ಬದಲಾಗುತ್ತೆ.

ಬಲ ಇಳಿಸೋ ದಾರಿ ಮುಖ್ಯವಾಗಿ ಮೂರು. ಸ್ಪ್ರಿಂಗಿನ ಹಿಂದೆ ಒತ್ತಡಕ್ಕೆ ಅಂತ ಕೂರಿಸಿದ ವಾಷರ್‌ಗಳನ್ನು ತೆಗೆಯೋದು, ತೆಳು ತಂತಿಯ ಮೆತ್ತನೆ ಸ್ಪ್ರಿಂಗ್ ಹಾಕೋದು, ಇಲ್ಲವೇ ಇರೋ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸೋದು. ಮೂರನೆಯದು ಅಗ್ಗ, ಆದರೆ ಮೋಸದ್ದು. ಸ್ಪ್ರಿಂಗ್ ಗಿಡ್ಡವಾದಷ್ಟೂ ಉಳಿದದ್ದು ಬಿರುಸಾಗುತ್ತೆ. ಮೊದಲಿನ ಒತ್ತಡ ತಗ್ಗೋದರಿಂದ ಬಲ ಇಳಿಯುತ್ತೆ ನಿಜ, ಎಷ್ಟು ಅಂತ ಊಹಿಸೋಕೆ ಆಗಲ್ಲ. ಕತ್ತರಿಸಿದ ತುದಿ ಸಮನಾಗಿ ಕೂರದೆ ಒಳಗೋಡೆಯನ್ನು ಕೆರೆಯುತ್ತೆ. ಮೇಲಾಗಿ, ಏರ್‌ಗನ್ನಿನ ಸ್ಪ್ರಿಂಗ್ ಬಿಚ್ಚುವಾಗಲೂ ಒತ್ತಡದಲ್ಲೇ ಇರುತ್ತೆ. ಹಿಡಿತ ತಪ್ಪಿದರೆ ಮುಖಕ್ಕೇ ಹಾರುತ್ತೆ. ಬಲ್ಲ ಮೆಕ್ಯಾನಿಕ್ ಕೈಗೆ ಕೊಡೋದೇ ಸರಿ.

ಇದೆಲ್ಲ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಜಪಾನಿನಲ್ಲಿ. ಅಲ್ಲಿ 2005ರಲ್ಲಿ ಬಲ ಏರಿಸಿದ ಏರ್‌ಸಾಫ್ಟ್ ಬಂದೂಕುಗಳಿಂದ ಹೆದ್ದಾರಿಯ ಕಾರುಗಳ ಗಾಜು ಒಡೆದರು. 2006ರಲ್ಲಿ ಕಾನೂನು ಬಿಗಿಯಾಯಿತು: 6 ಮಿ.ಮೀ. ಗುಂಡಿಗೆ ಸುಮಾರು 0.98 ಜೂಲ್ ಮಿತಿ. ಆಟದ ಸಾಮಾನು ಇಟ್ಟುಕೊಂಡವರು ಬಲ ಇಳಿಸಬೇಕಾಯಿತು, ಇಲ್ಲವೇ ಕೈಬಿಡಬೇಕಾಯಿತು.

ನಮಗೆ ಇದರಿಂದ ಏನು ಅಂತೀರಾ? ಸಿರುಗುಪ್ಪ ಕಡೆ ಹೊಲದಲ್ಲಿ ತೆನೆ ಬಂದಾಗ ಹಕ್ಕಿ ಕಾಯಬೇಕು. ಅದಕ್ಕೆ ಮೊದಲಿಂದ ಇದ್ದದ್ದು ಮಂಚಿಗೆ, ಕೂಗು ಮತ್ತು ಕವಣೆ. ಕವಣೆಯ ಬಲ ಬೀಸುವ ತೋಳಿನಷ್ಟೇ, ಹುಡುಗನ ಕವಣೆಗೆ ಹುಡುಗನ ಬಲ. ಸ್ಪ್ರಿಂಗ್ ಬಂದೂಕಿನಲ್ಲಿ ಹಾಗಲ್ಲ. ಹತ್ತು ವರ್ಷದ ಬೆರಳು ಕುದುರೆ ಎಳೆದರೂ ಬರೋದು ಅದೇ ಬಲ. ಅದೇ ಸಿರುಗುಪ್ಪ ತಾಲ್ಲೂಕಿನ ಎರೆನೆಲದಲ್ಲಿ ಎರೆಭೂತ ಹಕ್ಕಿಗಳು ಕಾಣಿಸಿಕೊಂಡಿವೆ. ಜಗತ್ತಿನಲ್ಲೇ ಅಳಿವಿನ ಅಂಚಿಗೆ ಬಂದ ಹಕ್ಕಿ ಅದು. ಲೈಸೆನ್ಸ್ ಬೇಡದ ಏರ್‌ಗನ್ ಅಂದ ಮಾತ್ರಕ್ಕೆ ಹಕ್ಕಿ ಹೊಡೆಯೋಕೆ ಪರವಾನಗಿ ಸಿಕ್ಕ ಹಾಗಲ್ಲ. 1972ರ ವನ್ಯಜೀವಿ ಕಾಯ್ದೆ ಜೂಲ್ ಲೆಕ್ಕ ಕೇಳೋದಿಲ್ಲ.

ಇನ್ನೊಂದು ಮಾತು. ಕಣ್ಣಿಗೆ 1 ಜೂಲ್ ಕೂಡ ಹೆಚ್ಚೇ. ಸಡಿಲ ಸ್ಪ್ರಿಂಗಿನ ಬಂದೂಕು ಆಟದ್ದು, ಏನೂ ಆಗಲ್ಲ ಅನ್ನೋ ಧೈರ್ಯವೇ ಅಪಾಯ. ಸರ್ಕಾರದ ಮಿತಿ ಇರೋದು ಲೈಸೆನ್ಸ್ ಯಾರಿಗೆ ಬೇಕು ಅಂತ ಹೇಳೋಕೆ, ಮಗುವಿನ ಕಣ್ಣು ಉಳಿಯುತ್ತೆ ಅಂತ ಭರವಸೆ ಕೊಡೋಕಲ್ಲ. ಸ್ಪ್ರಿಂಗ್ ಎಷ್ಟೇ ಮೆತ್ತಗಿರಲಿ, ಕಣ್ಣಿಗೆ ಗಟ್ಟಿ ಕನ್ನಡಕ ಬೇಕು, ಪಕ್ಕದಲ್ಲಿ ದೊಡ್ಡವರೊಬ್ಬರು ನಿಂತಿರಬೇಕು.

ಅಂದ ಹಾಗೆ, ಈ ಬಲೂನ್ ಬಂದೂಕಿನ ಗುಂಡಿಗೆ ನಿಮ್ಮೂರ ಜಾತ್ರೆಯಲ್ಲಿ ಏನಂತಾರೆ? ಗೊತ್ತಿದ್ದವರು ತಿಳಿಸಿ.